ಅಕ್ಕನ ಮಗನ ಮೊದಲ ಪಿಸಿಗೆ ಮದರ್‌ಬೋರ್ಡ್ ಹುಡುಕಿದ್ದು

2025ರ ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಮದರ್‌ಬೋರ್ಡ್, ಅಂದರೆ ಪಿಸಿಯ ಎಲ್ಲಾ ಭಾಗಗಳು ಬಂದು ಸೇರುವ ಮುಖ್ಯ ಬೋರ್ಡಿನ ಫೋಟೋ ಕಳಿಸಿದ. ಜಾತ್ರೆಯ ತೇರಿನ ಹಾಗೆ ಮೈತುಂಬಾ ಲೈಟು. ಕೆಳಗೆ ಒಂದು ಸಾಲು: ‘ಮಾಮ, ಇದು ತಗೊಳ್ಳಲಾ? ಓವರ್‌ಕ್ಲಾಕ್‌ಗೆ ಬೆಸ್ಟ್ ಅಂತೆ.’ ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸೋದು. ಬೆಲೆ ನೋಡಿದೆ, 38 ಸಾವಿರ. ಪೂರ್ತಿ ಪಿಸಿಗೆ ಅಂತ ಅವರಪ್ಪ ಕೊಡ್ತೀನಿ ಅಂದಿದ್ದೇ 80 ಸಾವಿರ. ಉಳಿದ 42 ಸಾವಿರದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್ ಎಲ್ಲಾ ಬರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ.

ಬೈಯಲಿಲ್ಲ. ಬೈಯುವ ಯೋಗ್ಯತೆ ನನಗೂ ಇಲ್ಲ.

2018ರಲ್ಲಿ ನಾನು ಮೊದಲ ಸಲ ಪಿಸಿ ಕಟ್ಟಿದಾಗ ಮಾಡಿಕೊಂಡ ಎಡವಟ್ಟು ಇದಕ್ಕಿಂತ ದೊಡ್ಡದು. ಇಂಟೆಲ್ ಐ5-8600ಕೆ ತಗೊಂಡಿದ್ದೆ. ಆ ‘ಕೆ’ಗೆ ಅಂತಲೇ ಎರಡು ಸಾವಿರ ಜಾಸ್ತಿ ಕೊಟ್ಟಿದ್ದೆ, ಯಾಕಂದ್ರೆ ಕೆ ಇದ್ದರೆ ಓವರ್‌ಕ್ಲಾಕ್ ಮಾಡಬಹುದು ಅಂತ ಎಲ್ಲೋ ಓದಿದ್ದೆ. ಟೌನ್‌ಹಾಲ್ ಹತ್ತಿರದ ಎಸ್‌.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೌಂಟರ್ ಹಿಂದಿದ್ದವರು ಬಿ360 ಚಿಪ್‌ಸೆಟ್ (ಬೋರ್ಡ್ ಏನೇನು ಮಾಡಬಲ್ಲದು ಅಂತ ತೀರ್ಮಾನಿಸುವ ಚಿಪ್) ಇರುವ ಬೋರ್ಡ್ ತೆಗೆದಿಟ್ಟರು. ‘ಇದರಲ್ಲಿ ಓವರ್‌ಕ್ಲಾಕ್ ಆಗುತ್ತಾ?’ ಅಂದೆ. ‘ಎಲ್ಲಾ ಆಗುತ್ತೆ ಸರ್, ಇದು ಹೊಸ ಮಾಡೆಲ್’ ಅಂದರು. ಹೊಸದೇ, ಸುಳ್ಳಲ್ಲ. ಮನೆಗೆ ಬಂದು ಜೋಡಿಸಿ ಬಯೋಸ್‌ಗೆ, ಅಂದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶದ ಸೆಟ್ಟಿಂಗ್‌ಗಳಿಗೆ ಹೋಗಿ ಮಲ್ಟಿಪ್ಲೈಯರ್ (ಪ್ರೊಸೆಸರ್ ವೇಗ ನಿರ್ಧರಿಸುವ ಗುಣಕ) ಏರಿಸಲು ನೋಡಿದರೆ 43 ದಾಟಲೇ ಇಲ್ಲ. ಸಾಲದ್ದಕ್ಕೆ 3200ರ ರ‍್ಯಾಮ್ ತಂದಿದ್ದೆ, ಅದರ ವೇಗ 2666ರಲ್ಲೇ ಕೂತುಬಿಟ್ಟಿತು. ಎರಡು ರಾತ್ರಿ ನನ್ನದೇ ತಪ್ಪು ಅಂದುಕೊಂಡು ಬಯೋಸ್ ಮೆನುಗಳನ್ನೆಲ್ಲಾ ಜಾಲಾಡಿದ ಮೇಲೆ ಗೊತ್ತಾಯಿತು, ಬಿ360ರಲ್ಲಿ ಎರಡಕ್ಕೂ ಬಾಗಿಲೇ ಇಲ್ಲ. ಜೆಡ್370 ತಗೋಬೇಕಿತ್ತು.

ಹಾಗಾಗಿ ಹುಡುಗನಿಗೆ ಮೊದಲು ಹೇಳಿದ್ದು ಚಿಪ್‌ಸೆಟ್ ಹೆಸರು ಓದೋದು. ಇಂಟೆಲ್ ಆದರೆ ಪ್ರೊಸೆಸರ್ ಹೆಸರಲ್ಲಿ ಕೆ ಇರಬೇಕು, ಬೋರ್ಡ್ ಹೆಸರಲ್ಲಿ ಜೆಡ್ ಇರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ನನ್ನ 2018ರ ಕಥೆಯೇ. 2021ರ ಬಿ560ರಿಂದ ಈಚೆಗೆ ಬಿ ಬೋರ್ಡ್‌ಗಳಲ್ಲಿ ರ‍್ಯಾಮ್ ವೇಗ ಏರಿಸಲು ಬಿಟ್ಟಿದ್ದಾರೆ, ಪ್ರೊಸೆಸರ್ ಮಲ್ಟಿಪ್ಲೈಯರ್‌ಗೆ ಈಗಲೂ ಬಿಡುವುದಿಲ್ಲ. ಎಚ್610ರಲ್ಲಿ ಅದೂ ಇಲ್ಲ, ಇದೂ ಇಲ್ಲ. ಇದೆಲ್ಲಾ ಬೇರೆ ಬೇರೆ ಬೆಲೆಗೆ ಮಾರಲು ಮಾಡಿಕೊಂಡ ಬೇಲಿ ಅಂತಲೇ ನನ್ನ ಅಭಿಪ್ರಾಯ. ಇಂಟೆಲ್‌ನ ಎದುರಾಳಿ ಪ್ರೊಸೆಸರ್ ಕಂಪನಿ ಎಎಂಡಿ ಇದರಲ್ಲಿ ಸ್ವಲ್ಪ ಧಾರಾಳಿ. ಬಿ650, ಬಿ850, ಎಕ್ಸ್ ಸರಣಿ ಯಾವುದಾದರೂ ಸರಿ, ಓವರ್‌ಕ್ಲಾಕ್ ಆಗುತ್ತದೆ. ಎ620ರಲ್ಲಿ ಮಾತ್ರ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಮತ್ತೆ 2025ರಲ್ಲಿ ಬಿ840 ಅಂತ ಒಂದು ಬಂದಿದೆ, ಹೆಸರು ಬಿ850ರ ತಮ್ಮನ ಹಾಗಿದೆ, ಆದರೆ ಅದರಲ್ಲೂ ಪ್ರೊಸೆಸರ್ ಓವರ್‌ಕ್ಲಾಕ್ ಆಗಲ್ಲ. ಅಂಗಡಿಯಲ್ಲಿ ಗಡಿಬಿಡಿಯಲ್ಲಿ 4 ಮತ್ತು 5 ನೋಡದೆ ತಂದವರ ಪಾಡು ಏನು ಹೇಳಿ.

ನಾವು ಆರಿಸಿದ್ದು ರೈಜನ್ 5 7600. ಯಾಕೆ ಎಎಂಡಿ ಅಂದ್ರೆ ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12, 13, 14ನೇ ಪೀಳಿಗೆಗೆ ಬಂದು ಅಲ್ಲಿಗೆ ನಿಂತಿತು, 2024ರಲ್ಲಿ ಹೊಸ ಎಲ್‌ಜಿಎ1851 ಬಂತು. ಎಎಂಡಿಯ ಎಎಂ5 ಶುರುವಾಗಿದ್ದು 2022ರಲ್ಲಿ, 2027ರವರೆಗೂ ಅದರ ಆಚೆಗೂ ನಡೆಸುತ್ತೇವೆ ಅಂದಿದ್ದಾರೆ. ಕಂಪನಿ ಮಾತು ನಂಬೋದಾ ಅಂತ ಕೇಳಬಹುದು. ಹಿಂದಿನ ಎಎಂ4ಗೆ 2017ರಲ್ಲಿ ರೈಜನ್ ಬಂದಿದ್ದು, 2024ರಲ್ಲೂ ಅದೇ ಸಾಕೆಟ್‌ಗೆ ಹೊಸ ಪ್ರೊಸೆಸರ್ ಬಿಟ್ಟರು. ಎರಡನೇ ವರ್ಷದ ಎಂಜಿನಿಯರಿಂಗ್ ಹುಡುಗ, ನಾಳೆ ಕೆಲಸ ಸಿಕ್ಕಿದ ಮೇಲೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು.

ಈಗ ಅಸಲಿ ವಿಷಯ. ವಿಆರ್‌ಎಂ.

ಪವರ್ ಸಪ್ಲೈಯಿಂದ ಬೋರ್ಡಿಗೆ ಬರೋದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾಗಿರೋದು ಸುಮಾರು 1.2 ವೋಲ್ಟ್. ಈ 12ನ್ನು 1.2ಕ್ಕೆ ಇಳಿಸಿಕೊಡುವ ಕೆಲಸ ವಿಆರ್‌ಎಂದು. ಕೇಳಲು ಸುಲಭ. ಲೆಕ್ಕ ಹಾಕಿ ನೋಡಿ. ಪ್ರೊಸೆಸರ್ 120 ವಾಟ್ ಎಳೆಯುತ್ತಿದೆ ಅಂದುಕೊಳ್ಳಿ. 1.2 ವೋಲ್ಟ್‌ನಲ್ಲಿ 120 ವಾಟ್ ಅಂದರೆ 100 ಆಂಪ್ಸ್. ನಮ್ಮ ಬಚ್ಚಲುಮನೆಯ 2000 ವಾಟ್ ಗೀಸರ್ ಎಳೆಯೋದು 9 ಆಂಪ್ಸ್‌ಗೂ ಕಡಿಮೆ, ಅದಕ್ಕೇ ನಾವು ಬೇರೆ ದಪ್ಪ ವೈರು, ದೊಡ್ಡ ಪ್ಲಗ್ ಹಾಕಿಸುತ್ತೇವೆ. ಇಲ್ಲಿ ಅದರ ಹನ್ನೊಂದು ಪಟ್ಟು ಕರೆಂಟು ಬೆಂಕಿಪೊಟ್ಟಣದಷ್ಟು ಜಾಗದಿಂದ ಹರಿದು ಹೋಗಬೇಕು. ಬಿಸಿಯಾಗದೆ ಇರುತ್ತಾ?

ಅದಕ್ಕೇ ಕೆಲಸವನ್ನು ಹಂಚುತ್ತಾರೆ. ಸಾಕೆಟ್ ಸುತ್ತ ಸಾಲಾಗಿ ಕೂತಿರುವ ಬೂದು ಬಣ್ಣದ ಚೌಕ ಡಬ್ಬಿಗಳನ್ನು ನೋಡಿರುತ್ತೀರಿ, ಅವು ಚೋಕ್‌ಗಳು. ಪಕ್ಕದಲ್ಲಿ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಕೆಳಗೆ ಅಡಗಿರೋದು ಮಾಸ್ಫೆಟ್‌ಗಳು, ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್‌ಗಳು. ಒಂದೊಂದು ಜೋಡಿ ಒಂದೊಂದು ಫೇಸ್. ಎಪಿಎಂಸಿ ಯಾರ್ಡಿನಲ್ಲಿ ಲಾರಿ ಇಳಿಸುವ ಹಮಾಲರ ಹಾಗೆ ಸರದಿ ಮೇಲೆ ಮೂಟೆ ಹೊರುತ್ತವೆ. ನಾಲ್ಕು ಜನ ಇದ್ದರೆ ಒಬ್ಬೊಬ್ಬನಿಗೂ ಬೆನ್ನು ಬಿದ್ದುಹೋಗುತ್ತದೆ, ಎಂಟು ಜನ ಇದ್ದರೆ ಮಧ್ಯೆ ಒಂದು ಬೀಡಿ ಸೇದುವಷ್ಟು ಪುರುಸೊತ್ತು. ಆದರೆ ಡಬ್ಬಿ ಮೇಲೆ ‘12+2+1’ ಫೇಸ್ ಅಂತ ಬರೆದಿದ್ದನ್ನು ನೋಡಿ ಮರುಳಾಗಬೇಡಿ. ಎಷ್ಟೋ ಕಡೆ ಆ 12 ಅನ್ನೋದು ನಿಜವಾಗಿ 6 ಸರದಿ, ಒಂದೊಂದು ಸರದಿಯಲ್ಲಿ ಇಬ್ಬಿಬ್ಬರು ಒಟ್ಟಿಗೆ ಹೊರುತ್ತಾರೆ. ಅದೇನೂ ಮೋಸವಲ್ಲ, ಕೆಲಸ ಚೆನ್ನಾಗಿಯೇ ಆಗುತ್ತದೆ. ಆದರೆ ಹಮಾಲರ ತಲೆ ಎಣಿಸಿದರೆ ಸಾಲದು, ಅವರ ತೋಳಿನಲ್ಲಿ ಶಕ್ತಿ ಎಷ್ಟಿದೆ ಅಂತಲೂ ನೋಡಬೇಕು. ಅಂದರೆ ಮಾಸ್ಫೆಟ್ ಎಷ್ಟು ಆಂಪ್ಸ್‌ದು, 50ರದ್ದಾ 60ರದ್ದಾ, ಅದು. ಒಳ್ಳೆಯ ಬೋರ್ಡ್ ಆದರೆ ಕಂಪನಿಯವರೇ ಜಂಬದಿಂದ ಬರೆದಿರುತ್ತಾರೆ. ಬರೆದಿಲ್ಲ ಅಂದರೆ ಹೇಳಿಕೊಳ್ಳುವಂಥದ್ದು ಇಲ್ಲ ಅಂತಲೇ ನಾನು ತಿಳಿದುಕೊಳ್ಳೋದು.

ಹೀಟ್‌ಸಿಂಕ್ ವಿಷಯದಲ್ಲಿ ಒಂದು ಮಾತು. ಕೆಲವು ಬೋರ್ಡ್‌ಗಳಲ್ಲಿ ಮೇಲೆ ಕಾಣೋದು ಪ್ಲಾಸ್ಟಿಕ್ ಮುಚ್ಚಳ, ಒಳಗೆ ಬೆರಳುದ್ದ ಅಲ್ಯೂಮಿನಿಯಂ ತುಂಡು. ಬೆರಳಲ್ಲಿ ತಟ್ಟಿ ನೋಡಿದರೆ ಶಬ್ದದಲ್ಲೇ ಗೊತ್ತಾಗುತ್ತದೆ. ಇನ್ನು ಕೆಲವದರಲ್ಲಿ ಎರಡು ಕಡೆ ವಿಆರ್‌ಎಂ ಇದ್ದು ಒಂದು ಕಡೆ ಮಾತ್ರ ಹೀಟ್‌ಸಿಂಕ್. ಇದು ಬೆಂಗಳೂರಿನಲ್ಲಿ ನಡೆದೀತು, ಬಳ್ಳಾರಿಯಲ್ಲಿ ನಡೆಯಲ್ಲ. ಯೂಟ್ಯೂಬಿನವರು ಎಸಿ ರೂಮಿನಲ್ಲಿ 22 ಡಿಗ್ರಿ ಇಟ್ಟುಕೊಂಡು ‘ವಿಆರ್‌ಎಂ 75 ಡಿಗ್ರಿ, ಸೂಪರ್’ ಅನ್ನುತ್ತಾರೆ. ಅಕ್ಕನ ಮನೆ ಮಹಡಿ ಮೇಲಿನ ರೂಮಿನಲ್ಲಿ ಏಪ್ರಿಲ್ ಮಧ್ಯಾಹ್ನ ಸುಮ್ನೆ ಕೂತರೇ 40. ಆ 18 ಡಿಗ್ರಿ ವ್ಯತ್ಯಾಸ ಹೆಚ್ಚುಕಡಿಮೆ ಹಾಗೇ ಮೇಲೆ ಸೇರುತ್ತದೆ, 75 ಇದ್ದದ್ದು 93 ಆಗುತ್ತದೆ. ತೀರಾ ಬಿಸಿಯಾದರೆ ಬೋರ್ಡ್ ತಾನೇ ಪ್ರೊಸೆಸರ್ ವೇಗ ಇಳಿಸುತ್ತದೆ. ಓವರ್‌ಕ್ಲಾಕ್ ಮಾಡಿ ನಿಧಾನ ಮಾಡಿಕೊಂಡ ಹಾಗೆ. ಇನ್ನೊಂದು ತಮಾಷೆ ಏನಂದ್ರೆ, ದುಬಾರಿ ಲಿಕ್ವಿಡ್ ಕೂಲರ್ ಹಾಕಿದವರಿಗೆ ಈ ಕಾಟ ಜಾಸ್ತಿ. ಸಾದಾ ಫ್ಯಾನ್ ಕೂಲರ್‌ನ ಗಾಳಿ ಅಕ್ಕಪಕ್ಕದ ವಿಆರ್‌ಎಂಗೂ ತಾಗುತ್ತದೆ, ಲಿಕ್ವಿಡ್ ಕೂಲರ್‌ನಲ್ಲಿ ಸಾಕೆಟ್ ಸುತ್ತ ಗಾಳಿಯೇ ಆಡಲ್ಲ.

ಹಾಗಂತ ಹೆದರಿ ದೊಡ್ಡ ಬೋರ್ಡ್ ತಗೋಬೇಕಾಗಿಲ್ಲ. 7600 ಹೆಸರಿಗೆ 65 ವಾಟ್, ಜಾಸ್ತಿ ಅಂದರೆ 88 ವಾಟ್ ಎಳೆಯುತ್ತದೆ. 7950ಎಕ್ಸ್ 230ರವರೆಗೆ ಹೋಗುತ್ತದೆ, ಇಂಟೆಲ್ 14900ಕೆ 253. ಆ 38 ಸಾವಿರದ ಬೋರ್ಡ್ ಇರೋದು ಅವುಗಳಿಗೆ. ಕೋಳಿ ಗೂಡಿಗೆ ಆನೆ ಲಾಯದ ಬಾಗಿಲು ಯಾಕೆ.

‘ಆದ್ರೆ ಮಾಮ, ಓವರ್‌ಕ್ಲಾಕ್?’ ಅಂತ ಹುಡುಗ ಮತ್ತೆ ಅಲ್ಲಿಗೇ ಬಂದ.

ನನಗೂ ಆ ಹುಚ್ಚು ಇತ್ತು, ಅದಕ್ಕೇ ಕೂತು ಹೇಳಿದೆ. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಅಂತ ಒಂದು ಅಗ್ಗದ ಪ್ರೊಸೆಸರ್ ಬಂತು. 300 ಮೆಗಾಹರ್ಟ್ಜ್. ಬಸ್ ವೇಗವನ್ನು, ಅಂದರೆ ಬೋರ್ಡ್ ಕೊಡುವ ಮೂಲ ವೇಗವನ್ನು, 66ರಿಂದ 100ಕ್ಕೆ ಏರಿಸಿದರೆ ಸಾಕು, 450ರಲ್ಲಿ ಓಡುತ್ತಿತ್ತು. ಅರ್ಧಕ್ಕರ್ಧ ಜಾಸ್ತಿ, ಪುಕ್ಕಟೆ! ಆಬಿಟ್ ಬಿಎಚ್6 ಅನ್ನೋ ಬೋರ್ಡಿನಲ್ಲಿ ಬೋರ್ಡಿನ ಮೇಲಿನ ಜಂಪರ್ ಪಿನ್‌ಗಳನ್ನು ಮುಟ್ಟದೆ ಬಯೋಸ್‌ನಲ್ಲೇ ಇದನ್ನು ಮಾಡಬಹುದಿತ್ತು, ಅದಕ್ಕೇ ಆ ಬೋರ್ಡ್ ಅಷ್ಟು ಹೆಸರು ಮಾಡಿತು. ಆ ಕಾಲ ಹೋಯಿತು. ಈಗ ಹಿಂಡಬಹುದಾದ ರಸವನ್ನೆಲ್ಲಾ ಕಂಪನಿಯವರೇ ಹಿಂಡಿ ಕಳಿಸುತ್ತಾರೆ. 7600 ಡಬ್ಬಿಯಿಂದ ಹೊರಗೆ ಬರುವಾಗಲೇ 5.1 ಗಿಗಾಹರ್ಟ್ಜ್‌ವರೆಗೆ ಓಡುತ್ತದೆ. ಬಯೋಸ್‌ನಲ್ಲಿ ಪಿಬಿಒ ಅನ್ನೋ ಎಎಂಡಿಯ ಓವರ್‌ಕ್ಲಾಕ್ ಆಯ್ಕೆ ಆನ್ ಮಾಡಿದರೆ ಮಿತಿಯನ್ನು ಇನ್ನು 200 ಮೆಗಾಹರ್ಟ್ಜ್ ಏರಿಸಬಹುದು. ಅಷ್ಟೇ. ಗೇಮ್‌ನಲ್ಲಿ ಕಣ್ಣಿಗೆ ಕಾಣೋದೇ ಇಲ್ಲ.

ಈಗ ನಿಜವಾಗಿ ಉಪಯೋಗಕ್ಕೆ ಬರೋದು ಎರಡು. ಒಂದು, ರ‍್ಯಾಮಿನ ಎಕ್ಸ್‌ಪೋ ಪ್ರೊಫೈಲ್, ಅಂದರೆ ಡಬ್ಬಿ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡೋದು. ಮಾಡದಿದ್ದರೆ 6000ದ ರ‍್ಯಾಮ್ ಸುಮ್ನೆ 4800ರಲ್ಲಿ ಕೂತಿರುತ್ತದೆ, ಎಷ್ಟೋ ಜನರ ಮನೆಯಲ್ಲಿ ಇವತ್ತಿಗೂ ಕೂತಿದೆ. ಇನ್ನೊಂದು ಕರ್ವ್ ಆಪ್ಟಿಮೈಜರ್, ಅಂದರೆ ಅದೇ ವೇಗಕ್ಕೆ ಕೊಡುವ ವೋಲ್ಟೇಜ್ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಹೋಗೋದು. ಬಿಸಿ ಇಳಿಯುತ್ತದೆ, ಬಿಸಿ ಇಳಿದ ಮೇಲೆ ಪ್ರೊಸೆಸರ್ ತಾನೇ ಜಾಸ್ತಿ ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. ಬಳ್ಳಾರಿ ಬಿಸಿಲಿಗೆ ಇದೇ ಸರಿಯಾದ ಓವರ್‌ಕ್ಲಾಕ್.

ಬೋರ್ಡಿನ ಬಯೋಸ್ ಎಷ್ಟು ಮುಖ್ಯ ಅನ್ನೋದಕ್ಕೆ ಎರಡು ಸುದ್ದಿ ನೆನಪಿಸಿಕೊಳ್ಳಿ. 2023ರ ಏಪ್ರಿಲ್‌ನಲ್ಲಿ ರೈಜನ್ 7800ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟು ಉಬ್ಬಿದ ಫೋಟೋಗಳು ಬಂದವು. ಎಕ್ಸ್‌ಪೋ ಆನ್ ಮಾಡಿದಾಗ ಎಸ್‌ಒಸಿ (ಪ್ರೊಸೆಸರ್‌ನೊಳಗೆ ರ‍್ಯಾಮ್ ನೋಡಿಕೊಳ್ಳುವ ಭಾಗ) ವೋಲ್ಟೇಜನ್ನು ಬೋರ್ಡ್‌ಗಳು ಬೇಕಾದ್ದಕ್ಕಿಂತ ಮೇಲೆ ಒಯ್ಯುತ್ತಿದ್ದವು. ಆಮೇಲೆ ಎಎಂಡಿ ಹೊಸ ಬಯೋಸ್ ಕೊಟ್ಟು 1.3 ವೋಲ್ಟ್‌ಗೆ ಕಡಿವಾಣ ಹಾಕಿತು. ಮುಂದಿನ ವರ್ಷ ಇಂಟೆಲ್‌ನ 13, 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜಿನಿಂದ ಕೆಡುತ್ತಿವೆ ಅಂತ ಗೊತ್ತಾಗಿ, 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನೋ ಮೈಕ್ರೋಕೋಡ್, ಅಂದರೆ ಪ್ರೊಸೆಸರ್ ಒಳಗಿನ ತಂತ್ರಾಂಶದ ತಿದ್ದುಪಡಿ ಬಂತು. ಅದೂ ಬಯೋಸ್ ಮೂಲಕವೇ. ಅಂದರೆ ‘ಆಟೋ’ ಅಂತ ಬಿಟ್ಟರೆ ಎಲ್ಲಾ ಸುರಕ್ಷಿತ ಅಂತೇನಿಲ್ಲ. ಅದಕ್ಕೇ ಬೋರ್ಡ್ ಕೊಳ್ಳುವ ಮೊದಲು ಆ ಮಾಡೆಲ್‌ನ ಸಪೋರ್ಟ್ ಪುಟಕ್ಕೆ ಹೋಗಿ ಬಯೋಸ್ ಪಟ್ಟಿ ನೋಡಿ. ಎರಡು ಮೂರು ತಿಂಗಳಿಗೊಂದು ಬರುತ್ತಿದೆಯಾ, ಇಲ್ಲ ಮಾರಿ ಕೈತೊಳೆದುಕೊಂಡಿದ್ದಾರಾ? ಯಾವ ಬ್ರ್ಯಾಂಡ್ ಒಳ್ಳೇದು ಅಂತ ನನ್ನನ್ನು ಕೇಳಬೇಡಿ. ಆಸುಸ್, ಎಂಎಸ್‌ಐ, ಗಿಗಾಬೈಟ್, ಆಸ್‌ರಾಕ್ ಎಲ್ಲರ ಮನೆಯಲ್ಲೂ ಗಟ್ಟಿ ಬೋರ್ಡೂ ಇದೆ, ಜಳ್ಳೂ ಇದೆ. ಮಾಡೆಲ್ ನೋಡಿ.

ಇಷ್ಟೆಲ್ಲಾ ಹೇಳಿದರೂ ನಾನು ಹುಡುಗನಿಗೆ ಬೋರ್ಡ್ ಆರಿಸಿದ್ದು ಬೇರೆಯದೇ ಒಂದು ಕಾರಣಕ್ಕೆ. ಮೊದಲ ಸಲ ಮಾಡುವವನು ತಪ್ಪು ಮಾಡೇ ಮಾಡುತ್ತಾನೆ. ತಪ್ಪು ಮಾಡಿದಾಗ ಎಲ್ಲಿ ಅಂತ ತೋರಿಸುವ, ತಿದ್ದಿಕೊಳ್ಳಲು ಬಿಡುವ ಬೋರ್ಡ್ ಬೇಕು. ಹಿಂದೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರಬೇಕು, ಮುಂದೆ ನಾಲ್ಕು ಪುಟ್ಟ ದೀಪ ಇರಬೇಕು: ಸಿಪಿಯು (ಪ್ರೊಸೆಸರ್), ಡ್ರ್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್. ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಆ ದೀಪ ಉರಿಯುತ್ತದೆ. 2018ರಲ್ಲಿ ನನ್ನ ಬೋರ್ಡಿನಲ್ಲಿ ಅದು ಇರಲಿಲ್ಲ, ಪರದೆ ಕಪ್ಪಾದರೆ ಕಪ್ಪು, ಎಲ್ಲಾ ಬಿಚ್ಚಿ ಮತ್ತೆ ಜೋಡಿಸು. ಫ್ಲ್ಯಾಶ್‌ಬ್ಯಾಕ್ ಅಂದರೆ ಪ್ರೊಸೆಸರ್, ರ‍್ಯಾಮ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕೋದು. 2022ರಲ್ಲಿ ಪ್ಯಾಕ್ ಆದ ಬಿ650 ಬೋರ್ಡಿಗೆ 2024ರ ರೈಜನ್ 9000 ಹಾಕಿದರೆ ಹಳೇ ಬಯೋಸ್‌ಗೆ ಅದರ ಗುರುತೇ ಸಿಗಲ್ಲ, ಆಗ ಇದೇ ದಾರಿ. ನಮ್ಮ ಕಡೆ ಇನ್ನೊಂದು ಉಪಯೋಗ ಇದೆ. ಬಯೋಸ್ ಅಪ್‌ಡೇಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ ಬೋರ್ಡ್ ಸತ್ತ ಹಾಗೆಯೇ. ಈ ಬಟನ್ ಇದ್ದರೆ ಬದುಕಿಸಿಕೊಳ್ಳಬಹುದು. ಪೆನ್‌ಡ್ರೈವ್ ಫ್ಯಾಟ್32 ಇರಬೇಕು, ಫೈಲಿಗೆ ಮ್ಯಾನುಯಲ್‌ನಲ್ಲಿ ಹೇಳಿದ ಹೆಸರೇ ಇಡಬೇಕು, ಒಂದಕ್ಷರ ತಪ್ಪಿದರೂ ತಗೊಳ್ಳಲ್ಲ.

ಕೊನೆಗೆ ಸುಮಾರು 14 ಸಾವಿರಕ್ಕೆ ಒಂದು ಬಿ650 ಮೈಕ್ರೋ ಎಟಿಎಕ್ಸ್ (ಸ್ವಲ್ಪ ಚಿಕ್ಕ ಅಳತೆಯ) ಬೋರ್ಡ್ ಸಿಕ್ಕಿತು. ಲೈಟು ಒಂದೂ ಇಲ್ಲ. ಎಸ್‌.ಪಿ. ರೋಡಿಗೇ ಹೋಗಿ ತಂದೆ, ಬೇರೆ ಅಂಗಡಿ. ಎಎಂ5ರಲ್ಲಿ 1718 ಪಿನ್‌ಗಳು ಇರೋದು ಬೋರ್ಡಿನಲ್ಲಿ, ಪ್ರೊಸೆಸರ್‌ನಲ್ಲಲ್ಲ. ಒಂದು ಬಾಗಿದರೂ ವಾರಂಟಿ ಅನ್ನೋದನ್ನು ಮರೆತುಬಿಡಿ. ಅದಕ್ಕೇ ಕೌಂಟರ್ ಮೇಲೇ ಡಬ್ಬಿ ತೆಗೆಸಿದೆ. ಸಾಕೆಟ್ ಮುಚ್ಚಳ ಎತ್ತಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಪಿನ್‌ಗಳೆಲ್ಲಾ ನಾಟಿ ಮಾಡಿದ ಗದ್ದೆಯ ಹಾಗೆ ಒಂದೇ ಸಾಲಿನಲ್ಲಿ ಹೊಳೆಯಬೇಕು. ಎಲ್ಲಾದರೂ ಒಂದು ಪೈರು ಅಡ್ಡ ಬಿದ್ದಿದ್ದರೆ ಹೊಳಪು ಅಲ್ಲಿ ಮುರಿಯುತ್ತದೆ. ಫೋಟೋ ತಗೊಂಡೆ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿದೆ. ಕೌಂಟರಿನವರು ‘ಏನ್ ಸರ್, ಹೆಣ್ಣು ನೋಡೋಕೆ ಬಂದ ಹಾಗೆ ನೋಡ್ತೀರಾ’ ಅಂದರು. ಆ ಮುಚ್ಚಳವನ್ನು ಎಸೆಯಬೇಡಿ, ನಾಳೆ ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ.

ಮೇ ಮೊದಲ ವಾರ ಬಳ್ಳಾರಿಗೆ ಹೋಗಿ ಹಾಲ್‌ನಲ್ಲಿ ಚಾಪೆ ಹಾಸಿ ಜೋಡಿಸಿದೆವು. ಅಂದರೆ ಅವನು ಜೋಡಿಸಿದ, ನಾನು ಕೈ ಕಟ್ಟಿ ಕೂತೆ. ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೂ ಎರಡೇ ಕಡ್ಡಿ, ಸಾಕೆಟ್‌ನಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು. ನಾಲ್ಕೂ ತುಂಬಿದರೆ ಎಎಂ5ನಲ್ಲಿ ವೇಗ 3600ಕ್ಕೆ ಬೀಳುವುದುಂಟು. 16 ಜಿಬಿಯ ಎರಡು ಸಾಕು. ಆಗ ಕೊಂಡಿದ್ದು ಪುಣ್ಯ, 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ನೋಡಿದರೆ ಈಗ ಅದೇ ಬಜೆಟ್‌ನಲ್ಲಿ ಆಗುತ್ತಲೇ ಇರಲಿಲ್ಲ.

ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು. ಪರದೆ ಕಪ್ಪು. ಡ್ರ್ಯಾಮ್ ದೀಪ ಹಳದಿ ಉರಿಯಿತು. ಒಂದು ನಿಮಿಷ ಆಯಿತು, ಎರಡಾಯಿತು. ಹುಡುಗನ ಮುಖ ಸಣ್ಣಗಾಯಿತು. ‘ಮಾಮ, ಸುಟ್ಟುಹೋಯ್ತಾ?’ ಅಡುಗೆಮನೆಯಿಂದ ಅಕ್ಕ, ‘ಇಷ್ಟು ದುಡ್ಡು ಕೊಟ್ಟು ರೆಡಿ ಇರೋದನ್ನೇ ತರಬಾರದಿತ್ತಾ?’ ಅಂದಳು. ನಾನು ಸ್ವಿಚ್ ಮೇಲೆ ಕೈ ಅಡ್ಡ ಇಟ್ಟೆ. ಡಿಡಿಆರ್5 ಪೀಳಿಗೆಯ ರ‍್ಯಾಮ್ ಮೊದಲ ಸಲ ಶುರುವಾಗುವಾಗ ಬೋರ್ಡ್ ರ‍್ಯಾಮನ್ನು ಪಳಗಿಸಿಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು. ಇದು ಗೊತ್ತಿಲ್ಲದೆ ಗಾಬರಿಯಿಂದ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕೆಲಸ ಮತ್ತೆ ಮೊದಲಿಂದ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆ ಬಂತು. ನಾನು ಎರಡನೇ ಮಿರ್ಚಿ ಮುರಿಯುವ ಹೊತ್ತಿಗೆ ಹಳದಿ ದೀಪ ಆರಿತು, ಪರದೆಯಲ್ಲಿ ಕಂಪನಿ ಲೋಗೋ ಬಂತು. ಹುಡುಗ ಎದ್ದು ಕುಣಿದ, ಒಂದು ಸ್ಕ್ರೂ ಎಲ್ಲೋ ಸೋಫಾ ಕೆಳಗೆ ಹೋಯಿತು, ಇವತ್ತಿಗೂ ಸಿಕ್ಕಿಲ್ಲ.

ನಾನು ಬೆಂಗಳೂರಿಗೆ ಬಂದ ಮೇಲೆ ಅವನು ಸುಮ್ಮನಿರಲಿಲ್ಲ. ಯಾರದೋ ವಿಡಿಯೋ ನೋಡಿ ಕರ್ವ್ ಆಪ್ಟಿಮೈಜರ್‌ಗೆ ಮೈನಸ್ 30 ಹಾಕಿದ. ಪ್ರೊಸೆಸರ್‌ಗೆ ಭಾರ ಹೊರಿಸಿ ನೋಡುವ ಸಿನೆಬೆಂಚ್ ಅರ್ಧ ಗಂಟೆ ಓಡಿಸಿದ, ಏನೂ ಆಗಲಿಲ್ಲ. ಗೇಮ್ ಆಡಿದ, ಏನೂ ಆಗಲಿಲ್ಲ. ರಾತ್ರಿ ಡೌನ್‌ಲೋಡ್‌ಗೆ ಇಟ್ಟು ಮಲಗಿದರೆ ಬೆಳಿಗ್ಗೆ ರೀಸ್ಟಾರ್ಟ್ ಆಗಿ ಕೂತಿತ್ತು, ಎರಡು ದಿನ ಹೀಗೇ. ಭಾರ ಹೊತ್ತಾಗ ಅಲ್ಲ, ಸುಮ್ಮನೆ ಕೂತಾಗ ವೋಲ್ಟೇಜ್ ಕೆಳಗಿಳಿದು ಕೈಕೊಡುತ್ತದೆ ಅನ್ನೋದು ಅವನಿಗೆ ಹೊಳೆದಿರಲಿಲ್ಲ. ಆ ಮೈನಸ್ಸನ್ನು ಒಂದೊಂದೇ ಕಮ್ಮಿ ಮಾಡುತ್ತಾ ಬಂದು ಮೈನಸ್ 15ರಲ್ಲಿ ನಿಂತ. ಅಲ್ಲಿಂದ ಗಟ್ಟಿಯಾಗಿದೆ.

ಜೂನ್‌ನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ವಿಡಿಯೋ ಕಾಲ್. ರ‍್ಯಾಮನ್ನು 6000ದಿಂದ 6600ಕ್ಕೆ ಏರಿಸಿದ್ದಾನೆ, ಪರದೆ ಕಪ್ಪು, ಹಳದಿ ದೀಪ, ಈ ಸಲ ಹದಿನೈದು ನಿಮಿಷ ಕಾದರೂ ಆರಿಲ್ಲ. ‘ಪ್ಲಗ್ ತೆಗಿ’ ಅಂದೆ. ‘ತೆಗ್ದೆ ಮಾಮ.’ ‘ಪವರ್ ಬಟನ್ ಒಂದ್ಸಲ ಒತ್ತಿ ಬಿಡು, ಉಳಿದ ಕರೆಂಟ್ ಹೋಗ್ಲಿ. ಈಗ ಬೋರ್ಡ್ ಕೆಳಗಡೆ ಸಿಎಂಒಎಸ್ ಅಂತ ಬರೆದಿರೋ ಎರಡು ಪಿನ್ ಹುಡುಕು, ಮ್ಯಾನುಯಲ್‌ನಲ್ಲಿ ಜಾಗ ನೋಡಿಕೋ.’ ಸ್ಕ್ರೂಡ್ರೈವರ್ ತುದಿ ಎರಡಕ್ಕೂ ತಾಗಿಸಿ ಹತ್ತು ಎಣಿಸಲು ಹೇಳಿದೆ, ಬಯೋಸ್ ಸೆಟ್ಟಿಂಗ್ ಎಲ್ಲಾ ಅಳಿಸಿ ಮೊದಲಿನಂತಾಗಲಿ ಅಂತ. ಗ್ರಾಫಿಕ್ಸ್ ಕಾರ್ಡ್ ಅಡ್ಡ, ಕತ್ತಲು, ಅವನ ಕೈ ನಡುಗುತ್ತಿತ್ತು. ಫೋನ್ ಅಲುಗಾಡಿ ಸ್ವಲ್ಪ ಹಿಂದೆ ಸರಿಯಿತು. ನೋಡಿದರೆ ಪಕ್ಕದಲ್ಲಿ ಅಕ್ಕ, ನಿದ್ದೆಗಣ್ಣಲ್ಲೇ ಟಾರ್ಚ್ ಹಿಡಿದು ನಿಂತಿದ್ದಳು, ಏಳು, ಎಂಟು, ಒಂಬತ್ತು ಅಂತ ಅವನಿಗಿಂತ ಜೋರಾಗಿ ಎಣಿಸುತ್ತಿದ್ದಳು.